ತೊಗಲಿಗೆ ಮಿರುಗು ಕೊಡುವ ಮುನ್ನ

ಕಳೆದ ವರ್ಷ ದೀಪಾವಳಿಗೆ ಇನ್ನೂ ಮೂರು ವಾರ ಇರುವಾಗ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ನಮ್ಮ ಅಕ್ಕಲಕೋಟೆ ತಾಲೂಕಿನ ಕನ್ನಡ ಶಾಲೆಯೊಂದರ ಮಾಸ್ತರರು ಒಂದು ಹೆಗಲಚೀಲ ಬೇಕೆಂದು ಹೇಳಿ ಹೋದರು. ಅವರು ಕೇಳಿದ್ದು ಎರಡೇ ಸಂಗತಿ: ಚೀಲ ತಮ್ಮ ನಿವೃತ್ತಿಯವರೆಗೆ ಬಾಳಬೇಕು, ಮತ್ತು ಕನ್ನಡಿಯಂತೆ ಹೊಳೆಯಬೇಕು. ಕಡುಕಂದು ಬಣ್ಣದ ಎಮ್ಮೆಯ ತೊಗಲನ್ನು ಆರಿಸಿ, ಕೈಯಿಂದಲೇ ಹೊಲಿದು, ಎಣ್ಣೆ ಸವರಿ, ಕೊನೆಗೆ ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಲೇಪವನ್ನು ನಾಲ್ಕು ಸಲ ದಪ್ಪನಾಗಿ ಹಚ್ಚಿ ಕೊಟ್ಟೆ. ಹಬ್ಬದ ದಿನ ಚೀಲದ ಮುಚ್ಚಳದಲ್ಲಿ ಹಣತೆಯ ಕುಡಿ ಕಾಣುತ್ತಿತ್ತೆಂದು ಅವರು ಬಂದು ಹೇಳಿದಾಗ ನನಗೆ ಬಹಳ ಸಂತೋಷವಾಗಿತ್ತು. ಹೋಳಿ ಹುಣ್ಣಿಮೆಯ ಹೊತ್ತಿಗೆ ಅದೇ ಚೀಲ ಮರಳಿ ಬಂತು. "ಪಟ್ಟಿ ಹಿಂಗ್ಯಾಕ ಬಿರದದ ನೋಡು, ತಮ್ಮಾ" ಎಂದು ಅವರು ಸಿಟ್ಟಿಲ್ಲದೆ ಕೇಳಿದರು. ಬಕಲಿನ ಬಳಿ, ಪಟ್ಟಿಯು ದಿನವೂ ಮಡಚಿ ಬಿಚ್ಚಿಕೊಳ್ಳುವ ಜಾಗದಲ್ಲಿ, ಲೇಪವು ಬೇಸಿಗೆಯ ಎರೆಹೊಲದಂತೆ ಬಿರಿದಿತ್ತು. ಬಿರುಕಿನ ಅಂಚುಗಳು ಬಿಳಿಚಿಕೊಂಡಿದ್ದವು. ಉಗುರು ತಾಗಿಸಿದರೆ ಸಣ್ಣ ಸಣ್ಣ ಸಿಪ್ಪೆಗಳು ಏಳುತ್ತಿದ್ದವು.

ಮುಚ್ಚಳ ಮಾತ್ರ ಕೊಟ್ಟ ದಿನದಂತೆಯೇ ಇತ್ತು. ತೊಗಲು ಒಂದೇ, ಡಬ್ಬಿ ಒಂದೇ, ಹಚ್ಚಿದ ಕೈಯೂ ಒಂದೇ. ಆದರೂ ಮಡಚದ ಭಾಗ ಉಳಿಯಿತು, ಮಡಚುವ ಭಾಗ ಕೆಟ್ಟಿತು. ಈ ಕಸುಬಿಗೆ ಕೂತು ಹದಿನೆಂಟು ವರ್ಷವಾದರೂ ನಾನು ಅಲ್ಲಿಯವರೆಗೆ ಹೊಳಪನ್ನು ಇಡೀ ವಸ್ತುವಿಗೆ ಒಮ್ಮೆಗೇ ತೀರ್ಮಾನಿಸುತ್ತಿದ್ದೆ. ಒಂದು ಚೀಲದೊಳಗೇ ನಾಲ್ಕು ಬಗೆಯ ಜಾಗಗಳಿವೆ, ಪ್ರತಿಯೊಂದಕ್ಕೂ ತಾಳುವ ಮಿರುಗು ಬೇರೆ ಎಂಬುದನ್ನು ಆ ಪಟ್ಟಿಯನ್ನು ಕೈಯಲ್ಲಿ ಹಿಡಿದಾಗಲೇ ನಾನು ಸರಿಯಾಗಿ ಅರಿತದ್ದು. ಅಲ್ಲಿಂದೀಚೆಗೆ ಈ ವಿಷಯವನ್ನು ಬಹಳ ಯೋಚಿಸಿದ್ದೇನೆ, ತುಂಡು ತೊಗಲುಗಳ ಮೇಲೆ ಬಹಳ ಪ್ರಯೋಗ ಮಾಡಿದ್ದೇನೆ. ಮನೆಯಲ್ಲಿ ಕೂತು ಕೈಕೆಲಸ ಮಾಡುವವರಿಗೆ ಉಪಯೋಗವಾದೀತೆಂದು ಇಲ್ಲಿ ಬರೆದಿಡುತ್ತಿದ್ದೇನೆ.

ಹೊಳಪು ಎಂದರೆ ಏನೆಂಬುದನ್ನು ಮೊದಲು ನೋಡಬೇಕು. ಮೇಲ್ಮೈ ಸಮನಾಗಿದ್ದರೆ ಅದರ ಮೇಲೆ ಬಿದ್ದ ಬೆಳಕು ಒಂದೇ ದಿಕ್ಕಿಗೆ ಹೊರಳಿ ಕಣ್ಣಿಗೆ ಬರುತ್ತದೆ. ಉಬ್ಬುತಗ್ಗುಗಳಿದ್ದರೆ ಅದೇ ಬೆಳಕು ದಿಕ್ಕುದಿಕ್ಕಿಗೆ ಚೆದುರಿ ಮೈ ಮಂಕಾಗಿ ಕಾಣುತ್ತದೆ. ಕಾರ್ಖಾನೆಗಳಲ್ಲಿ ಹೊಳಪನ್ನು ಅಳೆಯುವ ಯಂತ್ರವೂ ಇದೇ ತತ್ತ್ವದ ಮೇಲೆ ನಿಂತಿದೆ. ಸಾಮಾನ್ಯವಾಗಿ 60 ಡಿಗ್ರಿ ಕೋನದಲ್ಲಿ ಬೆಳಕು ಬಿಟ್ಟು, ಎಷ್ಟು ಬೆಳಕು ಅದೇ ಕೋನದಲ್ಲಿ ಮರಳಿತೆಂದು ಲೆಕ್ಕ ಹಾಕುತ್ತಾರೆ. ಹಾಗಾಗಿ ಡಬ್ಬಿಯೊಳಗಿನ ಲೇಪ ಮಾಡುವ ಕೆಲಸ ಮುಖ್ಯವಾಗಿ ತಗ್ಗುಗಳನ್ನು ತುಂಬುವುದು. ತಗ್ಗು ಹೆಚ್ಚಿದ್ದಷ್ಟೂ ಲೇಪ ಹೆಚ್ಚು ಬೇಕು, ಲೇಪ ದಪ್ಪವಾದಷ್ಟೂ ಅದು ಬಾಗಲಾರದೆ ಒಡೆಯುತ್ತದೆ. ನನ್ನ ಪಟ್ಟಿಗೆ ಆದದ್ದು ಇದೇ.

ನಮ್ಮ ಕಡೆ ಈ ತೊಂದರೆ ಹೆಚ್ಚಾಗಿರುವುದಕ್ಕೆ ಒಂದು ಕಾರಣವಿದೆ. ಮಹಾರಾಷ್ಟ್ರದಲ್ಲಿ 2015ರಲ್ಲಿ ಎತ್ತು ಹೋರಿಗಳ ವಧೆಗೂ ನಿಷೇಧ ಬಂದ ಮೇಲೆ ಇಲ್ಲಿಯ ಕೈಕೆಲಸದವರು ಹೆಚ್ಚಾಗಿ ಎಮ್ಮೆಯ ತೊಗಲನ್ನೇ ನೆಚ್ಚಿಕೊಂಡಿದ್ದಾರೆ. ಉಳಿದದ್ದು ತಮಿಳುನಾಡಿನ ಕಡೆಯಿಂದ ಬರುತ್ತದೆ. ಎಮ್ಮೆಯ ತೊಗಲು ದಪ್ಪ, ಗಟ್ಟಿ, ಬಾಳಿಕೆಯದ್ದು, ಆದರೆ ಅದರ ಮೈ ಒರಟು. ರೋಮರಂಧ್ರಗಳು ಬರಿಗಣ್ಣಿಗೆ ಕಾಣುತ್ತವೆ. ಆಡಿನ ಚರ್ಮದ ಮೈ ಬಿಗಿಯಾಗಿ, ನುಣುಪಾಗಿ ಇರುವುದರಿಂದ ಅದು ಬಹಳ ಕಡಿಮೆ ಲೇಪದಲ್ಲಿ ಮಿರುಗುತ್ತದೆ. ಕನ್ನಡಿಯ ಹೊಳಪನ್ನೇ ಬಯಸುವ ಗಿರಾಕಿಗೆ ಈಗ ನಾನು ಮೊದಲು ಆಡಿನ ಚರ್ಮ ತೋರಿಸುತ್ತೇನೆ. ಸಣ್ಣ ಪಾಕೀಟು, ಕನ್ನಡಕದ ಪೆಟ್ಟಿಗೆ, ಪುಸ್ತಕದ ಹೊದಿಕೆಗಳಿಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲವೆಂದು ನನ್ನ ಅಭಿಪ್ರಾಯ. ಭಾರ ಹೊರುವ ಚೀಲಕ್ಕೆ ಎಮ್ಮೆಯದೇ ಬೇಕು, ಅದಕ್ಕೆ ಮಿರುಗನ್ನು ಬೇರೆ ದಾರಿಯಿಂದ ತರಬೇಕು.

ಆ ದಾರಿ ನಮ್ಮ ಅಪ್ಪನಿಗೆ ಗೊತ್ತಿತ್ತು. ನಮ್ಮ ಮನೆತನದ ಕಸುಬು ಚಪ್ಪಲಿ ಹೊಲಿಯುವುದು. ಅಪ್ಪನ ಬಳಿ ರಂಪಿಗೆ, ಉಳಿಗಳ ಜೊತೆಗೆ ಭೀಮಾ ನದಿಯ ದಂಡೆಯಿಂದ ತಂದ, ಅಂಗೈಯಷ್ಟು ದೊಡ್ಡದಾದ ಒಂದು ನುಣ್ಣನೆಯ ಕಲ್ಲಿತ್ತು. ತೊಗಲನ್ನು ತುಸುವೇ ತೇವ ಮಾಡಿ, ಅದು ಅರೆ ಆರಿ ತನ್ನ ಬಣ್ಣಕ್ಕೆ ಮರಳುವ ಹೊತ್ತಿಗೆ, ಮೈಯ ಭಾರವನ್ನೆಲ್ಲ ಹಾಕಿ ಆ ಕಲ್ಲಿನಿಂದ ಉಜ್ಜುತ್ತಿದ್ದರು. ನಾನು ಹುಡುಗನಿದ್ದಾಗ ಅವಸರದಿಂದ ಪಾಲಿಶಿಗೆ ಕೈ ಹಾಕಿದರೆ, "ಡಬ್ಬಿ ಆಮ್ಯಾಲ ತಗಿ, ತಮ್ಮಾ. ಮೊದಲ ತೊಗಲಿನ್ಯಾಗ ನಿನ್ನ ಮಾರಿ ಕಾಣಲಿ" ಎನ್ನುತ್ತಿದ್ದರು. ಜಾಲಿಯ ತೊಗಟೆ, ಅಳಲೆಕಾಯಿಯಂಥ ಸಸ್ಯದ ಒಗರಿನಿಂದ ಹದ ಮಾಡಿದ ತೊಗಲಿಗೆ ಈ ಗುಣವಿದೆ: ತೇವದಲ್ಲಿ ಅದರ ನಾರುಗಳು ಮೆತ್ತಗಾಗಿ ಒತ್ತಿದ ಹಾಗೆ ಕೂತುಕೊಳ್ಳುತ್ತವೆ, ಉಜ್ಜಿದ ಬಿಸಿಗೆ ಮೈ ಬಿಗಿದು ಮಿರುಗುತ್ತದೆ. ಕ್ರೋಮಿಯಂ ಲವಣದಿಂದ ಹದ ಮಾಡಿದ ಚರ್ಮ ಹೀಗೆ ಒಗ್ಗುವುದಿಲ್ಲ. ಎಷ್ಟು ಉಜ್ಜಿದರೂ ಅದು ರಬ್ಬರಿನಂತೆ ಮೊದಲಿನ ರೂಪಕ್ಕೇ ಬರುತ್ತದೆ. ಯಾವ ಚರ್ಮವೆಂದು ತಿಳಿಯಲು ಕತ್ತರಿಸಿದ ಅಂಚನ್ನು ನೋಡಿದರೆ ಸಾಕು. ಸಸ್ಯದ ಹದವಾದರೆ ಒಳಗೂ ಕಂದು. ಕ್ರೋಮಿನದಾದರೆ, ಬಣ್ಣ ಒಳಗಿನವರೆಗೆ ಇಳಿಯದಿದ್ದಾಗ, ನಡುವೆ ಬೂದುನೀಲಿಯ ಗೆರೆ ಕಾಣುತ್ತದೆ.

ದೊಡ್ಡ ಚರ್ಮ ಕಾರ್ಖಾನೆಗಳಲ್ಲಿ ಗ್ಲೇಜಿಂಗ್ ಎಂದು ಮಾಡುವುದೂ ಅಪ್ಪನ ಕೆಲಸದ ಯಂತ್ರರೂಪವೇ. ಹಾಲಿನ ಕೇಸಿನ್ ಅಥವಾ ಮೊಟ್ಟೆಯ ಬಿಳಿಯಂಥ ಪ್ರೋಟೀನಿನ ತೆಳುಲೇಪ ಹಚ್ಚಿದ ಚರ್ಮದ ಮೇಲೆ ಗಾಜಿನ ಅಥವಾ ಅಕೀಕ ಕಲ್ಲಿನ ಉರುಳೆ ಭಾರವಾಗಿ ಹಿಂದೆ ಮುಂದೆ ಜಾರುತ್ತದೆ. ಆ ಒತ್ತಡದ ಬಿಸಿಗೆ ಪ್ರೋಟೀನು ಮೈಗೆ ಅಂಟಿ ಗಾಜಿನಂತಾಗುತ್ತದೆ, ಆದರೂ ತೊಗಲಿನ ಸಹಜ ಗೆರೆಗಳು ಮುಚ್ಚಿಹೋಗುವುದಿಲ್ಲ. ನಾನು ಗಾಜಿನ ದಪ್ಪ ಬಾಟಲಿಯಿಂದ ಇದನ್ನು ಸಣ್ಣ ಪ್ರಮಾಣದಲ್ಲಿ ಮಾಡಿ ನೋಡಿದ್ದೇನೆ. ಆಡಿನ ಚರ್ಮಕ್ಕೆ ಒಳ್ಳೆಯ ಫಲ ಬಂದಿದೆ, ತೋಳು ಮಾತ್ರ ಎರಡು ದಿನ ನೋಯುತ್ತದೆ.

ಅಜ್ಜನ ಕಾಲದ ಇನ್ನೊಂದು ಲೇಪವನ್ನು ಇಲ್ಲಿ ಹೇಳಲೇಬೇಕು. ಸೊಲ್ಲಾಪುರ ಸೀಮೆಯ ಹೊಲಗಳಲ್ಲಿ ಜೋಳದ ನಡುವೆ ಕುಸುಬೆ ಬೆಳೆಯುತ್ತಾರೆ. ಬಾವಿಯಿಂದ ಎತ್ತುಗಳು ತೊಗಲಿನ ದೊಡ್ಡ ಚೀಲದಲ್ಲಿ ನೀರೆಳೆಯುತ್ತಿದ್ದ ಕಾಲದಲ್ಲಿ, ಆ ಚೀಲಗಳು ಕೊಳೆಯದಿರಲೆಂದು ಕುಸುಬೆ ಎಣ್ಣೆಯನ್ನು ಬಹಳ ಹೊತ್ತು ಕಾಯಿಸಿ, ರೋಗನ ಎಂಬ ಅಂಟಂಟಾದ ಲೇಪ ಮಾಡಿ ಸವರುತ್ತಿದ್ದರು. ಕುಸುಬೆ, ಅಗಸೆ ಎಣ್ಣೆಗಳು ಔಡಲೆಣ್ಣೆಯಂತೆ ಸದಾ ಎಣ್ಣೆಯಾಗಿ ಉಳಿಯುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿಯಾದ ಪೊರೆಯಾಗುತ್ತವೆ. ನಾವು ರೊಟ್ಟಿಯ ಜೊತೆ ತಿನ್ನುವ ಅಗಸಿ ಹಿಂಡಿಯ ಅದೇ ಅಗಸೆಯಿಂದ ಬಂದ ವಾರ್ನಿಶನ್ನು ಪದರದ ಮೇಲೆ ಪದರವಾಗಿ ಹಚ್ಚಿ, ಒಣಗಿಸಿ, ಉಜ್ಜಿ ಮಾಡಿದ್ದೇ ಮೊದಮೊದಲಿನ ಪೇಟೆಂಟ್ ಲೆದರ್, ಅಂದರೆ ಕನ್ನಡಿಯಂತೆ ಹೊಳೆಯುವ ಚರ್ಮ. ಅಮೆರಿಕದ ನ್ಯೂಜೆರ್ಸಿಯ ನ್ಯೂಅರ್ಕ್ ನಗರದಲ್ಲಿ ಸೇಥ್ ಬಾಯ್ಡನ್ ಎಂಬವನು 1819ರಲ್ಲಿ ಅದನ್ನು ವ್ಯಾಪಾರಕ್ಕಾಗಿ ತಯಾರಿಸತೊಡಗಿದ. ಇಂದು ಆ ವಾರ್ನಿಶಿನ ಜಾಗದಲ್ಲಿ ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್ ಬಂದಿದೆ. ಅಗಸೆಯ ವಾರ್ನಿಶನ್ನು ಮನೆಯಲ್ಲಿ ಪ್ರಯತ್ನಿಸುವವರಿಗೆ ಒಂದು ಎಚ್ಚರಿಕೆ: ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಆರುವಾಗ ಅದು ತನ್ನೊಳಗೇ ಬಿಸಿಯಾಗಿ, ಕಿಡಿ ತಾಗದಿದ್ದರೂ ಹೊತ್ತಿಕೊಳ್ಳಬಲ್ಲದು. ಬಟ್ಟೆಯನ್ನು ಬಿಡಿಸಿ ಬಯಲಲ್ಲಿ ಹರವಬೇಕು ಅಥವಾ ನೀರಲ್ಲಿ ನೆನೆಸಿಡಬೇಕು.

ಅರಗು ನನಗೆ ಬಹಳ ಪ್ರಿಯವಾದ ಲೇಪ. ಬಡಿಗರು ಚಪಡಾ ಎಂದು ಕರೆಯುವ ಅರಗಿನ ಚಕ್ಕೆಗಳೇ ಇದಕ್ಕೂ ಬೇಕು. ಚನ್ನಪಟ್ಟಣದ ಗೊಂಬೆಗಳ ಮಿರುಗಿಗೂ ಮೂಲ ಅರಗೇ. ಅದನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಹಚ್ಚಿದರೆ ಒಂದು ಕಷ್ಟವಿದೆ: ತೊಗಲಿಗೆ ಹಾಕಿದ ಬಣ್ಣವೂ ಸ್ಪಿರಿಟ್ಟಿನದೇ ಆಗಿದ್ದರೆ ಅದು ಮತ್ತೆ ಕರಗಿ ಗೆರೆಗೆರೆಯಾಗಿ ಎಳೆದುಕೊಂಡು ಬರುತ್ತದೆ. ಆದ್ದರಿಂದ ನಾನು ಬಿಳಿಗಾರದ (ಬೋರಾಕ್ಸ್) ದಾರಿ ಹಿಡಿದಿದ್ದೇನೆ. 50 ಗ್ರಾಂ ಅರಗಿನ ಚಕ್ಕೆಗೆ 10 ಗ್ರಾಂ ಬಿಳಿಗಾರ, ಅರ್ಧ ಲೀಟರ್ ಬಿಸಿನೀರು. ಕುದಿಸದೆ, ಸಣ್ಣ ಉರಿಯಲ್ಲಿ ಕಲಕುತ್ತ ಹೋದರೆ ಚಕ್ಕೆಗಳು ಕರಗಿ ಚಹದ ಬಣ್ಣದ ದ್ರವವಾಗುತ್ತದೆ. ಅದನ್ನು ಸೋಸಿ, ತಣಿಸಿ, ಮೂರು ಬಾರಿ ತೆಳ್ಳಗೆ ಹಚ್ಚಿದರೆ ಬರುವ ಹೊಳಪಿನಲ್ಲಿ ಒಂದು ಬೆಚ್ಚನೆಯ ಹೊಂಬಣ್ಣವಿರುತ್ತದೆ. ಪ್ಲಾಸ್ಟಿಕ್ಕಿನ ಯಾವ ಲೇಪದಿಂದಲೂ ನನಗೆ ಆ ಬಣ್ಣ ಸಿಕ್ಕಿಲ್ಲ. ಆದರೆ ಅರಗಿನ ಪೊರೆ ಬಿರುಸು. ಪೆಟ್ಟಿಗೆ, ಕನ್ನಡಕದ ಮನೆ, ಗಟ್ಟಿ ರಟ್ಟಿಗೆ ಅಂಟಿಸಿದ ತೊಗಲು, ಇಂಥ ಮಡಚದ ವಸ್ತುಗಳಿಗೆ ಮಾತ್ರ ಅದು ತಕ್ಕದ್ದು. ನೀರು ನಿಂತರೆ ಬಿಳಿ ಕಲೆಯೂ ಬೀಳುತ್ತದೆ. ಸ್ಪಿರಿಟ್ಟಿನ ಅರಗೇ ಬೇಕೆನ್ನುವವರು ಅದಕ್ಕೆ ಕೆಲವು ಹನಿ ಔಡಲೆಣ್ಣೆ ಸೇರಿಸಿದರೆ ಬಿರುಸು ತುಸು ತಗ್ಗುತ್ತದೆ.

ನೈಟ್ರೋಸೆಲ್ಯುಲೋಸ್ ಲ್ಯಾಕರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರ ಹೊಳಪು ಬೇಗ ಬರುತ್ತದೆ, ವರ್ಷಗಳು ಕಳೆದಂತೆ ಹಳದಿಗೆ ತಿರುಗಿ ಬಿರುಸಾಗುತ್ತದೆ, ಮಳೆಗಾಲದಲ್ಲಿ ಹಚ್ಚಿದರೆ ಆರುವಾಗ ತಂಪಾದ ಮೈಮೇಲೆ ಗಾಳಿಯ ತೇವ ಕೂತು ಮಂಜಿನಂಥ ಬಿಳುಪು ಮೂಡುತ್ತದೆ. ಅದಕ್ಕಿಂತ ದೊಡ್ಡ ಮಾತೆಂದರೆ ಅದು ಬೆಂಕಿಗೆ ಬಹಳ ಬೇಗ ಸಿಗುತ್ತದೆ, ಅದರ ವಾಸನೆ ತಲೆಗೆ ಏರುತ್ತದೆ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ, ಮಕ್ಕಳು ಓಡಾಡುವ ಮನೆಯಲ್ಲಿ ಕೆಲಸ ಮಾಡುವ ನನ್ನಂಥವರು ಅದನ್ನು ಒಳಗೆ ತರಬಾರದೆಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ.

ಅಕ್ರಿಲಿಕ್ ಲೇಪ ಈಗ ಎಲ್ಲರ ಕೈಯಲ್ಲಿದೆ. ಅದರಿಂದಲೇ ನನ್ನ ಪಟ್ಟಿ ಕೆಟ್ಟರೂ, ಅದರ ಮೇಲೆ ದೂರು ಹೊರಿಸಲಾರೆ; ಹಚ್ಚುವ ರೀತಿ ನನ್ನದು ತಪ್ಪಾಗಿತ್ತು. ಇದು ನೀರಿನಲ್ಲಿ ತೇಲುವ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳ ಹಾಲು. ನೀರು ಆರಿದಂತೆ ಕಣಗಳು ಒಂದಕ್ಕೊಂದು ಒತ್ತಿ, ಬೆಸೆದು ಪೊರೆಯಾಗುತ್ತವೆ. ಆ ಬೆಸುಗೆ ಗಟ್ಟಿಯಾಗಬೇಕಾದರೆ ಮೂರು ಕಟ್ಟಳೆಗಳಿವೆ. ತೊಗಲಿನ ಮೈಯಲ್ಲಿ ಎಣ್ಣೆ ಮೇಣಗಳು ಉಳಿದಿರಬಾರದು. ಬಣ್ಣ ಹಾಕಿದ ಮೇಲೆ ಒಣ ಬಟ್ಟೆಯಿಂದ, ಬಟ್ಟೆಗೆ ಬಣ್ಣ ಬರುವುದು ನಿಲ್ಲುವವರೆಗೆ, ಉಜ್ಜಬೇಕು. ಎಣ್ಣೆಯನ್ನು ಬಹಳ ಹಗುರವಾಗಿ ಸವರಿ, ಅದು ಒಳಗಿಳಿಯಲು ಕನಿಷ್ಠ ಒಂದು ಹಗಲು ಒಂದು ರಾತ್ರಿ ಬಿಡಬೇಕು. ನಾನು ಮಾಸ್ತರರ ಚೀಲಕ್ಕೆ ಬೆಳಿಗ್ಗೆ ಎಣ್ಣೆ ಹಚ್ಚಿ ಸಂಜೆಗೇ ಲೇಪ ಕೊಟ್ಟಿದ್ದೆ, ಹಬ್ಬದ ಅವಸರ. ಎರಡನೆಯದಾಗಿ ಲೇಪ ತೆಳ್ಳಗಿರಬೇಕು. ರೆಸೊಲೀನ್‌ನಂಥ ಲೇಪವನ್ನು ಅನುಭವಸ್ಥರು ಸಮಪಾಲು ನೀರು ಬೆರೆಸಿಯೇ ಬಳಸುತ್ತಾರೆ. ಮೊದಲು ಇದು ಜಿಪುಣತನವೆಂದು ನನಗೆ ತೋರಿತ್ತು. ಈಗ ಎರಡು ತೆಳುಲೇಪದ ಹೊಳಪು ಒಂದು ದಪ್ಪಲೇಪಕ್ಕಿಂತ ಆಳವಾಗಿರುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಮೂರನೆಯದು, ಒಮ್ಮೆ ಸವರಿದ ಜಾಗಕ್ಕೆ ಅರೆ ಆರಿದ ಮೇಲೆ ಮತ್ತೆ ಕೈ ಒಯ್ಯಬಾರದು. ಸ್ಪಂಜನ್ನು ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಲೇಪವನ್ನು ಅದರ ಒಂದೇ ಮಗ್ಗುಲಿಗೆ ತೆಗೆದುಕೊಂಡು, ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಉಸಿರಿನಲ್ಲಿ ಎಳೆದುಬಿಡಬೇಕು. ಗುಳ್ಳೆ ಕಂಡರೆ ತಕ್ಷಣವೇ ಬೆರಳಿನಿಂದ ತಟ್ಟಿ ಒಡೆಯಬೇಕು. ತಡವಾದರೆ ಬಿಟ್ಟುಬಿಡುವುದೇ ಲೇಸು. ಮೊದಲ ಲೇಪವನ್ನು ಉದ್ದಕ್ಕೆ ಎಳೆದಿದ್ದರೆ ಎರಡನೆಯದನ್ನು ಅಡ್ಡಕ್ಕೆ ಎಳೆಯುತ್ತೇನೆ.

ಹವೆಯ ಮಾತನ್ನು ಹೊರಗಿನ ಪುಸ್ತಕಗಳು ನಮ್ಮ ಸೀಮೆಗೆ ಹೊಂದುವಂತೆ ಹೇಳುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಸೊಲ್ಲಾಪುರ ಅಕ್ಕಲಕೋಟೆಗಳ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿಯೂ ಒಣಗಾಳಿ. ಆ ಹೊತ್ತಿನಲ್ಲಿ ಅಕ್ರಿಲಿಕ್ ಲೇಪವು ಸ್ಪಂಜಿನ ಕೆಳಗೇ ಆರುತ್ತ ಬರುವುದರಿಂದ ಗೀರುಗಳು ಸಮನಾಗಲು ಪುರುಸೊತ್ತೇ ಸಿಗುವುದಿಲ್ಲ. ಅದಕ್ಕಾಗಿ ನಾನು ಬೇಸಿಗೆಯಲ್ಲಿ ಬೆಳಗಿನ ಐದೂವರೆಗೆ, ನೆಲಕ್ಕೆ ನೀರು ಚಿಮುಕಿಸಿ, ಫ್ಯಾನ್ ನಿಲ್ಲಿಸಿ ಕೂರುತ್ತೇನೆ. ನೆಲ ಒದ್ದೆಯಾದರೆ ಧೂಳೂ ಏಳುವುದಿಲ್ಲ, ಹೊಳಪಿನ ದೊಡ್ಡ ಶತ್ರು ಧೂಳೇ. ಶ್ರಾವಣದಲ್ಲಿ ಇದು ತಿರುಗುಮುರುಗು; ಒಂದು ಲೇಪ ಆರಿತೆಂದು ಬೆರಳಿಗೆ ತೋರಿದರೂ ಒಳಗೆ ಹಸಿಯಿರುತ್ತದೆ, ಆಗ ಮುಂದಿನದಕ್ಕೆ ಮರುದಿನದವರೆಗೆ ಕಾಯುತ್ತೇನೆ.

ಇನ್ನು ಮೇಣ. ಬಾಗುವ ಜಾಗಕ್ಕೆ, ಬೆವರು ತಾಗುವ ಜಾಗಕ್ಕೆ, ಕೈ ದಿನವೂ ಸವರುವ ಜಾಗಕ್ಕೆ ಮೇಣವೇ ಸರಿಯೆಂದು ಈಗ ನನ್ನ ನಿಲುವು. ಜೇನುಮೇಣ ಸುಮಾರು 62ರಿಂದ 64 ಡಿಗ್ರಿಯಲ್ಲಿ ಕರಗುವ ಮೆತ್ತನೆಯ ಮೇಣ, ಅದೊಂದರಿಂದಲೇ ಬರುವ ಹೊಳಪು ರೇಷ್ಮೆಯಷ್ಟು ಮಾತ್ರ. ಬ್ರೆಜಿಲ್ ದೇಶದ ಒಂದು ತಾಳೆಯ ಎಲೆಗಳಿಂದ ಬರುವ ಕಾರ್ನಾಬಾ ಮೇಣ 80 ಡಿಗ್ರಿ ದಾಟಿದ ಮೇಲೆ ಕರಗುತ್ತದೆ. ಅದು ಕಲ್ಲಿನಂತೆ ಗಟ್ಟಿ, ಉಜ್ಜಿದರೆ ಗಾಜಿನಂತೆ ಮಿರುಗುತ್ತದೆ. ಎರಡು ಪಾಲು ಜೇನುಮೇಣಕ್ಕೆ ಒಂದು ಪಾಲು ಕಾರ್ನಾಬಾ ಸೇರಿಸಿ, ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ, ಒಲೆಯನ್ನು ಪೂರ್ತಿ ಆರಿಸಿ ಪಾತ್ರೆಯನ್ನು ದೂರ ಒಯ್ದ ಮೇಲೆ ಟರ್ಪೆಂಟೈನ್ ಬೆರೆಸುತ್ತೇನೆ. ಹಚ್ಚುವುದು ಅಕ್ಕಿಕಾಳಿನಷ್ಟು, ಉಜ್ಜುವುದು ಅರ್ಧ ತಾಸು. ಕೊನೆಗೆ ಹತ್ತಿಯ ಹಳೆಯ ಧೋತರದ ತುಂಡನ್ನು ಬೆರಳಿಗೆ ಬಿಗಿಯಾಗಿ ಸುತ್ತಿ, ಒಂದು ಹನಿ ನೀರು ತಾಗಿಸಿ, ಸಣ್ಣ ಸಣ್ಣ ಸುತ್ತುಗಳಲ್ಲಿ ತಿರುವಿದರೆ ಮೇಣದ ಮೇಲ್ಪದರ ಸಮನಾಗಿ ಕೂತು ಮಿರುಗು ಏಳುತ್ತದೆ. ಇದು ಬಾಗಿದಾಗ ತುಸು ಮಂಕಾದರೂ ಸಿಪ್ಪೆ ಏಳುವುದಿಲ್ಲ, ಮತ್ತೆ ಉಜ್ಜಿದರೆ ಮರಳಿ ಬರುತ್ತದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಮತ್ತು ಕರ್ನಾಟಕದ ನಾಲ್ಕು ಜಿಲ್ಲೆಗಳ ಹೆಸರು ಅದರಲ್ಲಿ ಸೇರಿದವು, ನಮ್ಮ ಸೊಲ್ಲಾಪುರವೂ ಒಂದು. ಆ ಚಪ್ಪಲಿಗಳ ಅಂಗುಷ್ಠಕ್ಕೆ, ಪಟ್ಟಿಗೆ ಹಿರಿಯರು ಎಣ್ಣೆ ಕೊಟ್ಟರೇ ಹೊರತು ಗಟ್ಟಿ ಪೊರೆ ಕೊಟ್ಟವರಲ್ಲ. ಅದರ ಕಾರಣ ನನಗೆ ತಡವಾಗಿ ತಿಳಿಯಿತು. ಒಂದು ಕ್ರಮ ಮಾತ್ರ ತಪ್ಪಬಾರದು: ಅಕ್ರಿಲಿಕ್ ಮೇಲೆ ಮೇಣ ಹಚ್ಚಬಹುದು, ಮೇಣದ ಮೇಲೆ ಅಕ್ರಿಲಿಕ್ ಎಂದೂ ನಿಲ್ಲುವುದಿಲ್ಲ.

ಈಗ ಯಾವ ಕೆಲಸ ಬಂದರೂ ಅದೇ ತೊಗಲಿನ ಒಂದು ಗೇಣು ತುಂಡನ್ನು ಬದಿಗಿಟ್ಟು, ಅದಕ್ಕೇ ಮೊದಲು ಬಣ್ಣ, ಎಣ್ಣೆ, ಲೇಪ ಎಲ್ಲವನ್ನೂ ಕೊಡುತ್ತೇನೆ. ಒಂದು ವಾರ ಆರಿದ ಮೇಲೆ ಅದನ್ನು ಒಂದೇ ಗೆರೆಯಲ್ಲಿ ಇನ್ನೂರು ಸಲ ಒಳಗೂ ಹೊರಗೂ ಮಡಚುತ್ತೇನೆ. ಒದ್ದೆ ಬಿಳಿ ಬಟ್ಟೆಯಿಂದ ಐವತ್ತು ಸಲ ಉಜ್ಜಿ ಬಣ್ಣ ಬರುತ್ತದೆಯೇ ನೋಡುತ್ತೇನೆ. ಒಂದು ಹನಿ ನೀರನ್ನು ರಾತ್ರಿಯಿಡೀ ಬಿಡುತ್ತೇನೆ. ಚರ್ಮದ ಕಾರ್ಖಾನೆಗಳಲ್ಲಿ ಮಡಚುವುದಕ್ಕೂ ಉಜ್ಜುವುದಕ್ಕೂ ಯಂತ್ರಗಳಿವೆ, ಮಡಿಕೆಗಳನ್ನು ಸಾವಿರಗಟ್ಟಲೆ ಎಣಿಸುತ್ತಾರೆ; ನನ್ನ ಎಣಿಕೆ ಅದರ ಮುಂದೆ ಸಣ್ಣದು, ಆದರೂ ದಪ್ಪಲೇಪದ ತಪ್ಪನ್ನು ಮೊದಲ ಅರವತ್ತು ಮಡಿಕೆಗಳಲ್ಲೇ ಅದು ತೋರಿಸಿಕೊಟ್ಟಿದೆ. ಹೊಸ ಗಿರಾಕಿಗಳಿಗೂ ಆ ತುಂಡನ್ನೇ ಕೈಗೆ ಕೊಡುತ್ತೇನೆ. ಒಡೆದ ಗೆರೆಯನ್ನು ಒಮ್ಮೆ ಬೆರಳಾಡಿಸಿ ನೋಡಿದವರು ಪಟ್ಟಿಗೂ ಕನ್ನಡಿಯ ಹೊಳಪು ಬೇಕೆಂದು ಹಟ ಹಿಡಿಯುವುದಿಲ್ಲ.

ಮಾಸ್ತರರ ಚೀಲಕ್ಕೆ ಹೊಸ ಪಟ್ಟಿ ಕಟ್ಟಿದೆ. ಈ ಸಲ ಅಪ್ಪನ ಕಲ್ಲನ್ನು ತೆಗೆದೆ. ಅದನ್ನು ಅಂಗಡಿಯಲ್ಲಿ ಶರಣ ಹರಳಯ್ಯನವರ ಚಿತ್ರದ ಕೆಳಗೆ ಇಟ್ಟಿರುತ್ತೇನೆ. ಎರಡು ದಿನ ಸ್ವಲ್ಪ ಸ್ವಲ್ಪವಾಗಿ ಉಜ್ಜಿ, ಎಣ್ಣೆ ಕುಡಿಸಿ ಎರಡು ರಾತ್ರಿ ಬಿಟ್ಟು, ಮೇಣ ಮಾತ್ರ ಹಚ್ಚಿದೆ. ಅಂಚುಗಳಿಗೆ ನೀರು ಸವರಿ ಬಾಗೆ ಮರದ ಕೋಲಿನಿಂದ ತಿಕ್ಕಿದೆ. ಮುಚ್ಚಳದ ಹಳೆಯ ಲೇಪ ಗಟ್ಟಿಯಾಗಿದ್ದುದರಿಂದ ಅದನ್ನು ಮುಟ್ಟಲಿಲ್ಲ. ಎರಡೂ ಹೊಳಪುಗಳು ಒಂದೇ ಆಗಿ ಕಾಣಲಾರವೆಂದು ಮೊದಲೇ ಹೇಳಿದ್ದೆ. ಅವರು ಚೀಲವನ್ನು ಹೆಗಲಿಗೆ ಹಾಕಿಕೊಂಡು, ಅಂಗಡಿಯ ಹೊರಗೆ ಬಿಸಿಲಿನಲ್ಲಿ ನಿಂತು ಪಟ್ಟಿಯನ್ನು ಹೆಬ್ಬೆರಳಿನಿಂದ ಮೇಲಿಂದ ಕೆಳಗೆ ಸವರಿದರು, "ಇದನ್ನ ನಾನೂ ಮನ್ಯಾಗ ತಿಕ್ಕಬಹುದೇನು?" ಎಂದು ಕೇಳಿದರು. ತಿಂಗಳಿಗೊಮ್ಮೆ ಸಾಕೆಂದು ಹೇಳಿ, ಸಣ್ಣ ಡಬ್ಬಿಯಲ್ಲಿ ಮೇಣವನ್ನೂ ಒಂದು ತುಂಡು ಧೋತರದ ಬಟ್ಟೆಯನ್ನೂ ಕೊಟ್ಟು ಕಳಿಸಿದೆ.